ಲೆಕ್ಕದಿಂದ ಭರವಸೆಯತ್ತ: ತುಮಕೂರು ಸೀಮೆಯಲ್ಲಿ ಅಂತ್ಯಕಾಲದ ಓದು

ಜರ್ಮನಿಯ ವುರ್ಟೆಂಬರ್ಗ್ ನಾಡಿನ ಪಂಡಿತ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ 18ನೇ ಶತಮಾನದಲ್ಲಿ ಬೈಬಲ್ಲಿನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯ ಅಂಕಿಗಳನ್ನು ಕೂಡಿ ಕಳೆದು 1836ಕ್ಕೆ ಬಂದು ನಿಂತರು. ಆ ವರ್ಷ ಅಲ್ಲಿ ಹೇಳಿದ ಮೃಗದ ಅಧಿಕಾರ ಮುರಿದು ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಶುರುವಾಗುತ್ತದೆ ಎಂಬುದು ಅವರ ಲೆಕ್ಕ. ಮೆಥೊಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1755ರಲ್ಲಿ ಹೊಸ ಒಡಂಬಡಿಕೆಗೆ ಟಿಪ್ಪಣಿ ಬರೆದಾಗ ಪ್ರಕಟನೆಯ ಭಾಗಕ್ಕೆ ಬೆಂಗೆಲರನ್ನೇ ನೆಚ್ಚಿಕೊಂಡರು. ಆದರೆ ಇಸವಿಯ ಹೊಣೆಯನ್ನು ಹೊರಲಿಲ್ಲ. ಲೋಕದ ಅಂತ್ಯವನ್ನು ವೆಸ್ಲಿ ಸಾರಿದರೆಂಬ ಸುದ್ದಿ 1788ರಲ್ಲಿ ಹಬ್ಬಿದಾಗ, ಅದು ಬೆಂಗೆಲರ ಅಭಿಪ್ರಾಯ, ತಮಗೆ ಆ ವಿಷಯದಲ್ಲಿ ನಿಲುವೇ ಇಲ್ಲ ಎಂದು ಪತ್ರ ಬರೆದು ಸ್ಪಷ್ಟಪಡಿಸಿದರು.

1836 ಬಂತು, ಹೋಯಿತು. ಅದೇ ದಶಕದ ಕೊನೆಯಲ್ಲಿ ವೆಸ್ಲಿಯ ಅನುಯಾಯಿಗಳು ತುಮಕೂರು ಸೀಮೆಯ ಗುಬ್ಬಿಗೆ ಬಂದರು.

ಅವರಲ್ಲಿ ಒಬ್ಬರಾದ ಮಿಷನರಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಹೂಡಿದ ಮೇಲೆ ಕುಣಿಗಲ್ಲೂ ವೆಸ್ಲಿಯನ್ ಮಿಷನ್ನಿನ ಕ್ಷೇತ್ರವಾಯಿತು. 1839ರಲ್ಲಿ ಗುಬ್ಬಿಗೆ ಬಂದ ಐರಿಷ್ ತರುಣ ವಿಲಿಯಂ ಆರ್ಥರ್ ಇಲ್ಲಿ ಕನ್ನಡ ಕಲಿತು, ಸಂತೆ ಜಾತ್ರೆಗಳಲ್ಲಿ ಮಾತಾಡಿದರು. ಕಣ್ಣಿನ ತೊಂದರೆಯಿಂದ ಊರಿಗೆ ಮರಳಬೇಕಾಯಿತು. 1847ರಲ್ಲಿ ಮೈಸೂರು ಸೀಮೆಯ ಅನುಭವವನ್ನು ಪುಸ್ತಕವಾಗಿಸಿದ ಅವರು, 1856ರಲ್ಲಿ ಪವಿತ್ರಾತ್ಮನ ಬಲದ ಬಗ್ಗೆ ‘ದ ಟಂಗ್ ಆಫ್ ಫೈರ್’ ಬರೆದರು. ಲೋಕ ಕೆಡುತ್ತಲೇ ಹೋಗಿ ನಾಶವಾಗುತ್ತದೆ ಎಂಬ ಭಯ ಅದರಲ್ಲಿಲ್ಲ. ಸುವಾರ್ತೆ ಹರಡಿದಂತೆ ಲೋಕ ಹೊಸದಾಗುತ್ತದೆ ಎಂಬ ನಂಬಿಕೆಯಿದೆ.

ಕೇಳುವವರಿಗೂ ಭವಿಷ್ಯದ ಮಾತು ಹೊಸದಾಗಿರಲಿಲ್ಲ. ಮುಂದಾಗುವುದನ್ನು ಹೇಳುವ ಕನ್ನಡ ನಾಡಿನ ಕಾಲಜ್ಞಾನಗಳು ವೀರ ವಸಂತರಾಯನೆಂಬ ರಾಜನ ಬರುವಿಕೆಯನ್ನು ಸಾರುತ್ತಿದ್ದವು. ಕಲಿಯುಗದ ಕೊನೆ ಮನೆಮಾತಾಗಿತ್ತು. ಎರಡು ಪರಂಪರೆಗಳು ನೇರವಾಗಿ ಮುಖಾಮುಖಿಯಾದದ್ದು ಉತ್ತರ ಕರ್ನಾಟಕದಲ್ಲಿ. 1840ರ ಸುಮಾರಿಗೆ ಕಾಲಜ್ಞಾನವನ್ನು ನಂಬಿದ ಒಂದು ಪಂಗಡದವರು ಬಾಸೆಲ್ ಮಿಷನ್ನಿನವರ ಬಳಿ ಬಂದು, ಪರದೇಶದ ಗುರುಗಳು ಬರುವರೆಂದು ತಮ್ಮ ಗ್ರಂಥದಲ್ಲಿದೆ ಎಂದರು. ಅವರಿಗಾಗಿ ಗದಗ–ಬೆಟಗೇರಿ ಸೀಮೆಯ ಮಲಸಮುದ್ರದಲ್ಲಿ ಬೇಸಾಯದ ವಸಾಹತು ಎದ್ದಿತು. ಮಿಷನರಿಗಳು ಎದುರು ನೋಡಿದ ಜನಸಾಗರ ಮಾತ್ರ ಬರಲಿಲ್ಲ. ಈ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗಿನವರು, ಅಂದರೆ ಬೆಂಗೆಲರ ಭಕ್ತಿಪಂಥದ ನೆಲದವರು.

ಇಸವಿ ಕಟ್ಟುವ ಚಟ ಬೆಂಗೆಲರಿಂದ ಶುರುವಾದದ್ದಲ್ಲ, ಅವರೊಂದಿಗೆ ಮುಗಿದದ್ದೂ ಅಲ್ಲ. 5ನೇ ಶತಮಾನದಲ್ಲಿ ಅಗಸ್ಟೀನ್ ಸಾವಿರ ವರ್ಷವನ್ನು ಸಭೆಯ ಈಗಿನ ಕಾಲವೆಂದೇ ಓದಿ ಲೆಕ್ಕಾಚಾರವನ್ನು ತಣ್ಣಗಾಗಿಸಿದ್ದರು. ಆದರೂ ಅಮೆರಿಕದ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನಿಗಾಗಿ ಕಾದು ನಿರಾಶರಾದರು. ಅದೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಚರಿತ್ರೆಯನ್ನು ಯುಗಗಳಾಗಿ ವಿಭಾಗಿಸಿದರು. ಭಕ್ತರು ಮೊದಲು ಎತ್ತಲ್ಪಡುತ್ತಾರೆ, ಬಳಿಕ ಮಹಾಸಂಕಟ, ಆಮೇಲೆ ಸಾವಿರ ವರ್ಷ ಎಂಬ ಈ ಕ್ರಮವನ್ನು 1909ರ ಸ್ಕೋಫೀಲ್ಡ್ ಬೈಬಲ್ ಜನಪ್ರಿಯಗೊಳಿಸಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದಾಗ ಈ ಓದಿಗೆ ಹೊಸ ಹುರುಪು ಬಂತು.

ತುಮಕೂರು ಸೀಮೆಗೆ ಅಂತ್ಯಕಾಲದ ಚಿತ್ರಗಳು ಪುಸ್ತಕದಲ್ಲಷ್ಟೇ ಇರಲಿಲ್ಲ. ಪ್ರಕಟನೆಯ ಕಪ್ಪು ಕುದುರೆಯ ಸವಾರ ತಕ್ಕಡಿ ಹಿಡಿದು ಧಾನ್ಯದ ದುಬಾರಿ ಬೆಲೆಯೊಂದಿಗೆ ಬರುತ್ತಾನೆ. 1876–78ರ ಬರದಲ್ಲಿ ಜನ ಆ ದುಬಾರಿಯನ್ನು ಉಂಡೇ ಅರಿತರು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕಿಳಿಯಿತು. ಆಗ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳ ಅನಾಥಾಲಯ ನಡೆಸಿತು. ಕೊನೆಯ ದಿನ ಯಾವಾಗ ಎಂಬ ಪ್ರಶ್ನೆಗಿಂತ ಈ ದಿನ ಮಾಡಬೇಕಾದದ್ದೇನು ಎಂಬ ಪ್ರಶ್ನೆ ಮುಂದೆ ಬಂದದ್ದು ಇಂಥ ಹೊತ್ತಿನಲ್ಲಿ.

ಅಂತ್ಯಕ್ಕೂ ಈ ದಿನಕ್ಕೂ ಇರುವ ನಂಟಿನ ಪ್ರಶ್ನೆಯನ್ನು 20ನೇ ಶತಮಾನದ ವಿದ್ವಾಂಸರು ಶಾಸ್ತ್ರದೊಳಕ್ಕೆ ತಂದರು. ಯೇಸುವಿನ ಬೋಧನೆಯ ತಿರುಳೇ ಅಂತ್ಯದ ನಿರೀಕ್ಷೆ ಎಂದು 1906ರಲ್ಲಿ ಆಲ್ಬರ್ಟ್ ಶ್ವೈಟ್ಸರ್ ತೋರಿಸಿದರು. ದೇವರ ರಾಜ್ಯ ಯೇಸುವಿನಲ್ಲಿ ಆಗಲೇ ಬಂದಿದೆ ಎಂದು 1935ರಲ್ಲಿ ಸಿ.ಎಚ್. ಡಾಡ್ ವಾದಿಸಿದರು; 1964ರಲ್ಲಿ ಯುರ್ಗೆನ್ ಮೋಲ್ಟ್‌ಮನ್ ಭರವಸೆಯನ್ನೇ ದೇವಶಾಸ್ತ್ರದ ಬುನಾದಿಯಾಗಿಸಿದರು. ಅದೇ ಹೊತ್ತಿಗೆ ಇಲ್ಲಿ, ಕನ್ನಡ ಸಭಾಪಾಲಕರನ್ನು ತರಬೇತುಗೊಳಿಸುತ್ತಿದ್ದ ತುಮಕೂರಿನ ಯೂನಿಯನ್ ಕನ್ನಡ ಸೆಮಿನರಿ 1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯೊಂದಿಗೆ ಕೂಡಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು. ಬೆಂಗೆಲರ ಎರಡು ಕವಲುಗಳು, ವೆಸ್ಲಿಯದೂ ವುರ್ಟೆಂಬರ್ಗಿನದೂ, ಕನ್ನಡದಲ್ಲಿ ಹೀಗೆ ಒಂದಾದವು.

ಆರಾಧನೆಯಲ್ಲಿ ಬದಲಾವಣೆ ಇನ್ನೂ ಮೊದಲೇ ಕಂಡಿತ್ತು. 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆ 1950ರ ಪ್ರಭುಭೋಜನದ ಆರಾಧನಾ ಕ್ರಮಕ್ಕೆ ಸಿರಿಯನ್ ಪರಂಪರೆಯಿಂದ ಒಂದು ಪ್ರತ್ಯುತ್ತರವನ್ನು ತಂದುಕೊಂಡಿತು. ಕ್ರಿಸ್ತನ ಮರಣದ ಸ್ಮರಣೆ, ಪುನರುತ್ಥಾನದ ಅರಿಕೆ, ಎರಡನೆಯ ಬರೋಣದ ನಿರೀಕ್ಷೆ ಮೂರೂ ಅದರಲ್ಲಿವೆ, ಇಸವಿಯಿಲ್ಲ, ನಕ್ಷೆಯಿಲ್ಲ.

ಬೆಂಗಳೂರಿನಿಂದ ಬಂದ ಚಿಂತನೆ ಈ ದಾರಿಯನ್ನು ಅಗಲಗೊಳಿಸಿತು. ಅಲ್ಲಿನ ಚಿಂತಕ ಪಾಲ್ ದೇವನಂದನ್ 1961ರ ದೆಹಲಿ ವಿಶ್ವ ಸಭಾ ಸಮ್ಮೇಳನದಲ್ಲಿ ಅನ್ಯಧರ್ಮದ ನೆರೆಯವರ ನಡುವೆಯೂ ದೇವರ ಕೆಲಸವನ್ನು ಕಾಣಬೇಕೆಂದರು. 1981ರಲ್ಲಿ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಎ.ಪಿ. ನಿರ್ಮಲ್ ಮಾಡಿದ ಉಪನ್ಯಾಸ ದಲಿತ ದೇವಶಾಸ್ತ್ರಕ್ಕೆ ದಾರಿ ತೆರೆಯಿತು. ಆ ನೆಲೆಯಲ್ಲಿ ನಿಂತವರಿಗೆ ಪ್ರಕಟನೆ ಗಡಿಯಾರವಾಗಿ ಕಾಣುವುದಿಲ್ಲ. ರೋಮಿನ ದಬ್ಬಾಳಿಕೆಯಡಿ ನೊಂದವರಿಗೆ ಪತ್ಮೋಸ್ ದ್ವೀಪದಿಂದ ಬಂದ ಸಾಂತ್ವನದ ಪತ್ರವಾಗಿ ಕಾಣುತ್ತದೆ. ಬಾಬೆಲಿನ ಪತನ ಅಲ್ಲಿ ಸಾಮ್ರಾಜ್ಯದ ಪತನ.

ಇಂದು ಕನ್ನಡದಲ್ಲಿ ಲೆಕ್ಕದ ಮತ್ತು ಭರವಸೆಯ ಎರಡೂ ಓದುಗಳು ಜೀವಂತವಾಗಿವೆ. ಯೆಹೋವನ ಸಾಕ್ಷಿಗಳ ‘ಕಾವಲಿನಬುರುಜು’, ಪೆಂತೆಕೊಸ್ತ ಕೂಟಗಳ ಪ್ರಸಂಗ, ಯೂಟ್ಯೂಬ್ ಉಪದೇಶಗಳಲ್ಲಿ ಅಂತ್ಯಕಾಲದ ಗುರುತುಗಳಿಗೆ ದೊಡ್ಡ ಜಾಗವಿದೆ. ಯುದ್ಧ, ರೋಗ, 666ರ ಸಂಖ್ಯೆ ಮತ್ತೆ ಮತ್ತೆ ಬರುತ್ತವೆ. ಪ್ರಕಟನೆಯನ್ನು ಅದರ ಕಾಲದ ಏಷ್ಯಾ ಮೈನರಿನ ಏಳು ಸಭೆಗಳ ಸಂಕಟದೊಂದಿಗೆ ಕಲಿಸುವವರೂ ಇದ್ದಾರೆ. ಹೆದರಿದ ವಿಶ್ವಾಸಿಗೆ ಈ ಎರಡನೆಯ ಓದು ಸುಲಭವಾದ ಕನ್ನಡದಲ್ಲಿ ತಲುಪಬೇಕು, ಪ್ರಕಟನೆ ಮತ್ತು ಕಾಲಜ್ಞಾನಗಳ ತೌಲನಿಕ ಅಧ್ಯಯನವೂ ಕನ್ನಡದಲ್ಲೇ ಬೆಳೆಯಬೇಕು. ಅದಕ್ಕೆ ಬೇಕಾದ ಮಿಷನ್ ವರದಿಗಳೂ ಕಾಲಜ್ಞಾನದ ಪಠ್ಯಗಳೂ ನಾಡಿನಲ್ಲಿ ಓದುಗರನ್ನು ಕಾಯುತ್ತಿವೆ.