ಸರಕು ಕೊರತೆ ಮತ್ತು ಲಾರಿ ಚಾಲಕರ ಹೊಣೆ

ಲಾರಿಯಲ್ಲಿ ಬಂದ ಮಾಲು ಇಳಿಸುವ ಜಾಗದಲ್ಲಿ ಎಣಿಕೆಗೋ ತೂಕಕ್ಕೋ ಕಡಿಮೆ ಬಿದ್ದಾಗ ನಷ್ಟವನ್ನು ಯಾರು ತುಂಬಿಕೊಡಬೇಕೆಂಬುದು ಭಾರತದ ರಸ್ತೆ ಸಾಗಣೆಯಲ್ಲಿ ನಿತ್ಯದ ತಕರಾರು. ವ್ಯವಹಾರದಲ್ಲಿ ಇದಕ್ಕೆ ‘ಶಾರ್ಟೇಜ್’ ಎನ್ನುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಮೊದಲ ಹೊಣೆ ಸಾಗಣೆದಾರನದು, ಅಂದರೆ ರಸೀದಿ ಕೊಟ್ಟು ಬಾಡಿಗೆಗೆ ಮಾಲು ಒಪ್ಪಿಕೊಂಡ ಟ್ರಾನ್ಸ್‌ಪೋರ್ಟ್ ಸಂಸ್ಥೆಯದು. ಚಾಲಕ ಆ ಸಂಸ್ಥೆಯ ನೌಕರ ಇಲ್ಲವೇ ಏಜೆಂಟ್. ಆದರೆ ಗೋದಾಮಿನ ಬಾಗಿಲಲ್ಲಿ ಕೈಗೆ ಸಿಗುವವನು ಅವನೊಬ್ಬನೇ. ಹಾಗಾಗಿ ಮೊದಲ ಆರೋಪ ಅವನ ಮೇಲೆ ಬರುತ್ತದೆ, ಎಷ್ಟೋ ಸಲ ಕೊನೆಯ ಕಡಿತವೂ ಅವನ ದುಡ್ಡಿನಲ್ಲೇ ಆಗುತ್ತದೆ.

ಬ್ರಿಟಿಷರ ಕಾಲದ 1865ರ ಕ್ಯಾರಿಯರ್ಸ್ ಕಾಯ್ದೆಯ ಜಾಗದಲ್ಲಿ ಈಗ 2007ರ ರಸ್ತೆ ಸಾಗಣೆ ಕಾಯ್ದೆ ಇದೆ. ಇದು ಜಾರಿಗೆ ಬಂದದ್ದು 2011ರ ಮಾರ್ಚ್ 1ರಂದು. ದೈವಿಕ ವಿಕೋಪ, ಯುದ್ಧ, ಗಲಭೆ, ಕಾನೂನುಬದ್ಧ ಜಪ್ತಿ, ಸರ್ಕಾರದ ನಿರ್ಬಂಧ ಇವುಗಳನ್ನು ಬಿಟ್ಟರೆ ದಾರಿಯಲ್ಲಾದ ನಷ್ಟಕ್ಕೆ ಸಾಗಣೆದಾರನೇ ಬಾಧ್ಯ. ಈ ಕಾರಣಗಳಿದ್ದರೂ ಎಚ್ಚರ ವಹಿಸಿದ್ದರೆ ನಷ್ಟ ತಪ್ಪುತ್ತಿತ್ತು ಎಂದಾದರೆ ವಿನಾಯಿತಿ ಸಿಗುವುದಿಲ್ಲ. ಮಾಲಿನ ಒಡೆಯ ಸಾಗಣೆದಾರನ ನಿರ್ಲಕ್ಷ್ಯವನ್ನು ರುಜುವಾತು ಮಾಡಬೇಕಾಗಿಲ್ಲ. ಸಾಗಣೆದಾರನ ಹೊಣೆ ವಿಮೆದಾರನ ಹೊಣೆಯಷ್ಟೇ ಭಾರವಾದದ್ದು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಪಟೇಲ್ ರೋಡ್‌ವೇಸ್ ಮತ್ತು ಬಿರ್ಲಾ ಯಮಹಾ ಪ್ರಕರಣದಲ್ಲಿ ಹೇಳಿತು. ರಸೀದಿಯ ಮೇಲೆ ‘ಓನರ್ಸ್ ರಿಸ್ಕ್’ ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಕಳಚಿಹೋಗುವುದಿಲ್ಲ. ಆದರೆ ಪರಿಹಾರಕ್ಕೆ ಮಿತಿಯುಂಟು. ಹೆಚ್ಚಿನ ಹೊಣೆ ಹೊರಲು ಸಾಗಣೆದಾರ ಕೇಳುವ ‘ಹೆಚ್ಚಿನ ಅಪಾಯ ದರ’ ಕೊಟ್ಟಿರದಿದ್ದರೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟು, ಅದೂ ಘೋಷಿಸಿದ ಮೌಲ್ಯವನ್ನು ಮೀರದಂತೆ. 20,000 ರೂಪಾಯಿ ಬಾಡಿಗೆಯ ಲೋಡಿಗೆ ಈ ಲೆಕ್ಕದಲ್ಲಿ ಸಿಗುವುದು ಹೆಚ್ಚೆಂದರೆ 2 ಲಕ್ಷ ರೂಪಾಯಿ.

ಎಲ್ಲರೂ ಎಲ್‌ಆರ್ ಎಂದು ಕರೆಯುವ ಲಾರಿ ರಸೀದಿಯೇ ಇಲ್ಲಿ ಮುಖ್ಯ ಸಾಕ್ಷ್ಯ. ಅದರಲ್ಲಿ ಬರೆದ ತೂಕ ಮತ್ತು ನಗಗಳ ಸಂಖ್ಯೆಯನ್ನು ಕಾನೂನು ಮೇಲ್ನೋಟಕ್ಕೆ ನಿಜವೆಂದು ಒಪ್ಪುತ್ತದೆ. ಅಲ್ಲವೆಂದು ತೋರಿಸುವ ಭಾರ ಸಾಗಣೆದಾರನದು. ಚಾಲಕರ ಪಾಲಿಗೆ ನಿಜವಾದ ಕಷ್ಟ ಹುಟ್ಟುವುದು ಇಲ್ಲೇ. ದೊಡ್ಡ ಗೋದಾಮುಗಳಲ್ಲಿ ಲೋಡಾಗುವಾಗ ಚಾಲಕನನ್ನು ಪ್ಲಾಟ್‌ಫಾರಂ ಹತ್ತಲು ಬಿಡುವುದಿಲ್ಲ. ಹಮಾಲರು ತುಂಬುತ್ತಾರೆ, ಗುಮಾಸ್ತರು ಎಣಿಸುತ್ತಾರೆ, ಬಾಗಿಲಿಗೆ ಸೀಲ್ ಬೀಳುತ್ತದೆ. ಆಮೇಲೆ ಅವನನ್ನು ಕರೆದು ಸಹಿ ಹಾಕಿಸುತ್ತಾರೆ. ತಾನು ಎಣಿಸದ 400 ಪೆಟ್ಟಿಗೆಗಳಿಗೆ ಅವನು ಒಪ್ಪಿಗೆ ಕೊಟ್ಟಂತಾಯಿತು. ‘ಎಣಿಕೆ ಪಾರ್ಟಿಯದು, ಸೀಲ್ ನಂಬರ್ ಇಷ್ಟು’ ಎಂದು ಸಹಿಯ ಪಕ್ಕದಲ್ಲೇ ಒಂದು ಷರಾ ಬರೆದರೆ ಪರಿಸ್ಥಿತಿ ಬಹಳ ಬದಲಾಗುತ್ತದೆ. ಸೀಲ್ ಮುರಿಯದೆ ತಲುಪಿದ್ದರೆ ಕೊರತೆ ದಾರಿಯಲ್ಲಿ ಆದದ್ದಲ್ಲ ಎಂಬ ವಾದಕ್ಕೆ ಬಲ ಬರುತ್ತದೆ. ಎಣಿಸಲು ಬಿಡದೆ ಎಣಿಕೆಗೆ ಸಹಿ ಕೇಳುವುದು ಅನ್ಯಾಯವೆಂದೇ ಹೇಳಬೇಕು.

ಎಣಿಕೆಗಿಂತ ತೂಕದ ಜಗಳ ಹೆಚ್ಚು ತೊಡಕಿನದು. ಹೊರಡುವಾಗ ಟ್ಯಾಂಕ್ ಭರ್ತಿ ಇದ್ದು, ದಾರಿಯಲ್ಲಿ 300 ಲೀಟರ್ ಡೀಸೆಲ್ ಉರಿದಿದ್ದರೆ ಅಷ್ಟರಿಂದಲೇ ಸುಮಾರು 250 ಕೆ.ಜಿ. ಇಳಿಯುತ್ತದೆ. ಅಲ್ಲಿನ ತುಂಬಿದ ಲಾರಿಯ ತೂಕವನ್ನು ಇಲ್ಲಿನ ತುಂಬಿದ ಲಾರಿಯ ತೂಕದೊಂದಿಗೆ ಹೋಲಿಸಿದರೆ ಐದು ಚೀಲ ಸಿಮೆಂಟ್ ಮಾಯವಾದಂತೆ ಕಾಣುತ್ತದೆ! ಎರಡೂ ಕಡೆ ಖಾಲಿ ಲಾರಿಯನ್ನೂ ತೂಗಿ ನಿವ್ವಳ ತೂಕ ತೆಗೆದರೆ ಈ ಗೊಂದಲ ಇರುವುದಿಲ್ಲ. ಮಳೆಗೆ ನೆಂದ ಟಾರ್ಪಾಲು, ಇಳಿದುಹೋದ ಕ್ಲೀನರ್, ಎರಡು ವೇಬ್ರಿಡ್ಜ್‌ಗಳ ನಡುವಿನ ವ್ಯತ್ಯಾಸ ಇವೂ ಲೆಕ್ಕ ಕೆಡಿಸುತ್ತವೆ. ಈರುಳ್ಳಿ, ಹಸಿ ಆರದ ಮೆಣಸಿನಕಾಯಿ ದಾರಿಯಲ್ಲೇ ತೇವ ಕಳೆದುಕೊಳ್ಳುತ್ತವೆ. ಟ್ಯಾಂಕರಿನ 12,000 ಲೀಟರ್ ಪೆಟ್ರೋಲ್ 10 ಡಿಗ್ರಿ ತಣ್ಣಗಾದರೆ ನೂರು ಲೀಟರಿಗೂ ಹೆಚ್ಚು ಕುಗ್ಗುತ್ತದೆ. ಇಂಧನದ ಸಾಂದ್ರತೆಯನ್ನು 15 ಡಿಗ್ರಿಗೆ ಹೊಂದಿಸಿ ನೋಡುವ ಪದ್ಧತಿ ಬಂದಿರುವುದು ಇದೇ ಕಾರಣಕ್ಕೆ.

ಚಾಲಕನ ಸಂಬಳದಿಂದ ನಷ್ಟ ಮುರಿದುಕೊಳ್ಳಲು ಮಾಲೀಕನಿಗೆ ಮನಬಂದಂತೆ ಅಧಿಕಾರವಿಲ್ಲ. 1936ರ ವೇತನ ಪಾವತಿ ಕಾಯ್ದೆ ಹಾಕಿದ ಷರತ್ತುಗಳು 2019ರ ವೇತನ ಸಂಹಿತೆಯಲ್ಲೂ ಮುಂದುವರಿದಿವೆ. ಮಾಲನ್ನು ಸ್ಪಷ್ಟವಾಗಿ ಅವನ ವಶಕ್ಕೆ ಒಪ್ಪಿಸಿರಬೇಕು, ನಷ್ಟ ನೇರವಾಗಿ ಅವನ ಅಲಕ್ಷ್ಯದಿಂದ ಆಗಿರಬೇಕು, ಕಡಿತಕ್ಕೆ ಮುಂಚೆ ಅವನ ಸಮಜಾಯಿಷಿ ಕೇಳಬೇಕು. ಕಡಿತ ನಷ್ಟದ ಮೊತ್ತವನ್ನು ಮೀರುವಂತಿಲ್ಲ. ವಾಸ್ತವದಲ್ಲಿ ಟ್ರಿಪ್ ಲೆಕ್ಕ ಮುಗಿಸುವಾಗ ಬಾಟಾದಲ್ಲೋ ಅಡ್ವಾನ್ಸಿನಲ್ಲೋ ಬಾಯಿಮಾತಿನಲ್ಲೇ ಮುರಿದುಬಿಡುತ್ತಾರೆ, ಚೀಟಿಯೂ ಇರುವುದಿಲ್ಲ. ಸ್ವಂತ ಲಾರಿ ಓಡಿಸುವವನ ಪಾಡು ಇನ್ನೂ ಕಠಿಣ. ಅವನಿಗೆ ಸಂಬಳದ ಕಾನೂನಿನ ಆಸರೆಯಿಲ್ಲ, ಬಾಕಿ ಬಾಡಿಗೆಯನ್ನೇ ತಡೆಹಿಡಿಯುತ್ತಾರೆ.

ಮಾಲನ್ನು ದುರುದ್ದೇಶದಿಂದ ಲಪಟಾಯಿಸಿದರೆ ಅದು ಅಪರಾಧ. ಸಾಗಣೆದಾರನಾಗಿಯಾಗಲಿ ನೌಕರನಾಗಿಯಾಗಲಿ ಒಪ್ಪಿಕೊಂಡ ಸ್ವತ್ತಿನ ನಂಬಿಕೆ ದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್ 7 ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಬರೀ ಲೆಕ್ಕದಲ್ಲಿ ಕಡಿಮೆ ಬಂದದ್ದು ಈ ಅಪರಾಧವಾಗದು, ಅಪ್ರಾಮಾಣಿಕ ಉದ್ದೇಶ ಸಾಬೀತಾಗಬೇಕು. ಹೀಗಿದ್ದೂ ನಾಲ್ಕು ಪೆಟ್ಟಿಗೆಗಾಗಿ ‘ಪೊಲೀಸ್ ಕಂಪ್ಲೇಂಟ್’ ಎಂದು ಹೆದರಿಸಿ ಚಾಲಕನಿಂದ ಒಪ್ಪಿಗೆ ಬರೆಸಿಕೊಳ್ಳುವುದುಂಟು.

ಮಾಲು ಇಳಿಸಿಕೊಳ್ಳುವವರು ಕೊರತೆಯನ್ನು ಆಗಲೇ ಎಲ್‌ಆರ್ ಪ್ರತಿಯ ಮೇಲೆ ಬರೆದು ಚಾಲಕನ ಸಹಿ ಪಡೆಯುವುದು ರೂಢಿ. ‘ಇಷ್ಟು ಕಡಿಮೆ ಇಳಿದಿದೆ’ ಎನ್ನುವುದಕ್ಕೆ ಸಹಿ ಹಾಕುವುದು ಬೇರೆ, ‘ನನ್ನಿಂದ ಕಳೆದಿದೆ’ ಎನ್ನುವುದಕ್ಕೆ ಸಹಿ ಹಾಕುವುದು ಬೇರೆ. ಓದದೆ ಸಹಿ ಹಾಕಬಾರದು. ದಾವೆ ಹೂಡುವವರು ಮಾಲು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸ್ ಕೊಟ್ಟಿರಲೇಬೇಕು. ಸಾಗಣೆ ವಿಮೆ ಇದ್ದರೆ ಕಂಪನಿ ಮಾಲಿನ ಒಡೆಯನಿಗೆ ಹಣ ಕೊಟ್ಟು, ಅವನ ಹಕ್ಕಿನ ಮೇಲೆ ಸಾಗಣೆದಾರನಿಂದ ವಸೂಲಿಗೆ ಹೊರಡುತ್ತದೆ. ಆ ಹೊತ್ತಿಗೆ ಉಳಿದಿರುವ ಸಾಕ್ಷ್ಯವೆಂದರೆ ಎಲ್‌ಆರ್ ಮೇಲಿನ ಷರಾ, ಸೀಲ್ ನಂಬರ್ ಮತ್ತು ಎರಡೂ ಕಡೆಯ ತೂಕದ ಚೀಟಿ.