ಸೋತ ರಕ್ಕಸನ ಹೆಸರಿನ ಗುಡಿ

ಮಕ್ಕಳು ಕೂಡಿಡುವ ಪೋಕೆಮಾನ್ ಕಾರ್ಡುಗಳಲ್ಲಿ ಗೆಂಗಾರ್ ಎಂಬ ದೆವ್ವವೊಂದಿದೆ. ನೆರಳಲ್ಲಿ ಅಡಗಿ, ಕತ್ತಲಾದ ಮೇಲೆ ಕಾಡುವುದು ಅದರ ಸ್ವಭಾವ. ಈ ಕಾರ್ಡುಗಳು ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದದ್ದು 1996ರಲ್ಲಿ. ಆಟದ ಹಿಂದಿನ ಕಥೆಯಲ್ಲಿ ಇಂಥ ಜೀವಿಗಳನ್ನು ಕೊಲ್ಲುವುದಿಲ್ಲ, ಬಳಲಿಸಿ ಹಿಡಿಯುತ್ತಾರೆ. ಹಿಡಿದವನ ಪರವಾಗಿ ಅವು ಮುಂದೆ ಕಾದಾಡುತ್ತವೆ.

ಸೋತವನನ್ನು ಅಳಿಸಿಹಾಕದೆ ತಮ್ಮವನನ್ನಾಗಿ ಮಾಡಿಕೊಳ್ಳುವ ಈ ಕಲ್ಪನೆ ಹೊಸದೇನಲ್ಲ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಅದರ ಹಳೆಯ ರೂಪ ಕಾಣಸಿಗುತ್ತದೆ. ಅಲ್ಲಿ ಹಿಡಿಂಬೇಶ್ವರನ ಗುಡಿ ಇದೆ.

ಸ್ಥಳಪುರಾಣದ ಪ್ರಕಾರ ಈ ಬೆಟ್ಟ ಹಿಡಿಂಬಾಸುರನ ನೆಲೆ. ಅರಗಿನ ಮನೆಯಿಂದ ಪಾರಾಗಿ ಬಂದ ಪಾಂಡವರ ಮೇಲೆ ಅವನು ಕಣ್ಣು ಹಾಕಿದ. ಭೀಮ ಅವನನ್ನು ಕೊಂದ. ಆದರೂ ಗುಡಿಯ ದೇವರಿಗೆ ಅಂಟಿಕೊಂಡಿರುವುದು ಗೆದ್ದ ಭೀಮನ ಹೆಸರಲ್ಲ, ಸತ್ತ ರಕ್ಕಸನ ಹೆಸರು. ಗುಡಿಯಲ್ಲಿ ಕಾಪಾಡಿಕೊಂಡು ಬಂದಿರುವ ದೊಡ್ಡದೊಂದು ಮೂಳೆಯ ತುಂಡನ್ನು ಜನ ಹಿಡಿಂಬನ ಹಲ್ಲು ಎನ್ನುತ್ತಾರೆ. ಕಬ್ಬಿಣದ ತಗಡುಗಳಿಂದ ಮಾಡಿದ, ಸುಮಾರು 6 ಅಡಿ ಎತ್ತರ, 10 ಅಡಿ ಸುತ್ತಳತೆಯ ಕೊಳಗದಂಥ ವಸ್ತು ಭೀಮನ ಭೇರಿ. ಕೊಂದವನ ವಾದ್ಯ, ಸತ್ತವನ ಹಲ್ಲು ಎರಡಕ್ಕೂ ಒಂದೇ ಸೂರು!

ದೊಡ್ಡ ಮೂಳೆ ಕಂಡಾಗ ಕಥೆ ಹುಟ್ಟುವುದು ಲೋಕದ ರೂಢಿ. ಆಸ್ಟ್ರಿಯಾದ ಕ್ಲಾಗೆನ್‌ಫರ್ಟ್ ಪಟ್ಟಣದಲ್ಲಿ ಹಿಮಯುಗದ ಖಡ್ಗಮೃಗದ ತಲೆಬುರುಡೆಯನ್ನು ಜನ ಘಟಸರ್ಪದ್ದೆಂದೇ ನಂಬಿದ್ದರು.

ಹಿಡಿಂಬನ ಕಥೆ ಅವನ ಸಾವಿಗೆ ಮುಗಿಯುವುದಿಲ್ಲ. ತಂಗಿ ಹಿಡಿಂಬೆ ಭೀಮನ ಕೈಹಿಡಿದಳು. ಹಿಮಾಚಲದ ಮನಾಲಿಯಲ್ಲಿ 1553ರಲ್ಲಿ ಕಟ್ಟಿದ ಗುಡಿಯಲ್ಲಿ ಆಕೆಗೆ ಇಂದಿಗೂ ಪೂಜೆ ಸಲ್ಲುತ್ತದೆ. ಮಗ ಘಟೋತ್ಕಚ ಕುರುಕ್ಷೇತ್ರದಲ್ಲಿ ಪಾಂಡವರ ಪಕ್ಷ ವಹಿಸಿದ. ನಿಶಾಚರರಿಗೆ ಇರುಳಿನಲ್ಲೇ ಬಲ ಹೆಚ್ಚು. ರಾತ್ರಿಯ ಯುದ್ಧದಲ್ಲಿ ಅವನ ಮಾಯೆಗೆ ಕೌರವ ಸೇನೆ ತತ್ತರಿಸಿದಾಗ, ಅರ್ಜುನನಿಗೆಂದು ಕಾದಿರಿಸಿದ್ದ ಶಕ್ತ್ಯಾಯುಧವನ್ನು ಕರ್ಣ ಅವನ ಮೇಲೆ ಎಸೆಯಬೇಕಾಯಿತು. ರಕ್ಕಸನ ಸೋದರಳಿಯ ಸತ್ತು ಅರ್ಜುನನನ್ನು ಉಳಿಸಿದ.

ಪುರಾಣದಲ್ಲಿ ಇದು ಮದುವೆ, ಮಕ್ಕಳ ಮೂಲಕ ನಡೆಯಿತು. ಇತಿಹಾಸದಲ್ಲಿ ಇದೇ ಬೆಟ್ಟ ಅದರ ಕಠೋರ ರೂಪವನ್ನು ಕಂಡಿತು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದು, ಕೊನೆಯ ನಾಯಕ ಮದಕರಿಯನ್ನು ಸೆರೆಹಿಡಿದ. ಇತಿಹಾಸಕಾರ ವಿಲ್ಕ್ಸ್ ಬರೆದಂತೆ, ನಾಯಕರ ಬೆನ್ನಿಗೆ ನಿಂತಿದ್ದ ಬೇಡ ಸಮುದಾಯದ ಸುಮಾರು 20,000 ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರಲ್ಲಿನ ಹುಡುಗರನ್ನು ಆರಿಸಿ, ತರಬೇತಿ ಕೊಟ್ಟು 'ಚೇಲಾ' ಎಂಬ ಪಡೆಗಳನ್ನು ಕಟ್ಟಲಾಯಿತು. ಊರು ಕಳೆದುಕೊಂಡ ಮಕ್ಕಳು ಗೆದ್ದವನ ಸಿಪಾಯಿಗಳಾದರು.

ಕಾರ್ಡಿನ ದೆವ್ವಕ್ಕೆ ಊರಿಲ್ಲ, ತಾಯಿಯಿಲ್ಲ. ಯಾರ ಕೈಗೆ ಸಿಕ್ಕರೂ ಅದು ಅವರದೇ. ದುರ್ಗದ ಆ ಹುಡುಗರಿಗೆ ಎರಡೂ ಇದ್ದವು. ಹಿಡಿಂಬನ ಹೆಸರನ್ನಾದರೂ ಗುಡಿ ಉಳಿಸಿಕೊಂಡಿದೆ. ಆ ಹುಡುಗರ ಹೆಸರಿನಲ್ಲಿ ಗುಡಿಯಿಲ್ಲ.