ಕ್ಲಬ್ಬಿನಿಂದ ಬಲಿಪೀಠದವರೆಗೆ: ಜಾಝ್ ಕಲಾವಿದೆ ಮೇರಿ ಲೂ ವಿಲಿಯಮ್ಸ್

ನವೆಂಬರ್ ತಿಂಗಳು ಬಂತೆಂದರೆ ನಮ್ಮ ಮನಸ್ಸು ಮೊದಲು ಹೋಗುವುದು ಅಗಲಿದ ಹಿರಿಯರ ಕಡೆಗೆ, ಅವರ ಸಮಾಧಿಗಳ ಮೇಲೆ ನಾವು ಹಚ್ಚಿಡುವ ಮೇಣದ ಬತ್ತಿಗಳ ಕಡೆಗೆ. ಇದೇ ತಿಂಗಳಲ್ಲಿ ಬರುವ ಇನ್ನೆರಡು ಹಬ್ಬಗಳನ್ನು ನಾವು ಸಾಮಾನ್ಯವಾಗಿ ಸದ್ದಿಲ್ಲದೆ ಕಳೆದುಬಿಡುತ್ತೇವೆ. 3ರಂದು ಕಪ್ಪು ವರ್ಣದ ಸಂತ ಮಾರ್ಟಿನ್ ಡಿ ಪೋರಸ್ ಅವರ ಹಬ್ಬ; 22ರಂದು ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಮ್ಮನವರ ಹಬ್ಬ. ಈ ಎರಡು ಹಬ್ಬಗಳೂ ಒಬ್ಬ ಮಹಿಳೆಯ ಬದುಕಿನಲ್ಲಿ ಒಟ್ಟಿಗೆ ಬಂದು ಸೇರಿದ ಕಥೆಯನ್ನು ಈ ಬಾರಿ ವಾಚಕರ ಮುಂದಿಡುತ್ತಿದ್ದೇವೆ. ಆಕೆ ಅಮೆರಿಕದ ಜಾಝ್ ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್.

ಜಾಝ್ ಎಂದ ಕೂಡಲೇ ನಮ್ಮಲ್ಲಿ ಕೆಲವು ಹಿರಿಯರು ಹುಬ್ಬು ಗಂಟಿಕ್ಕಬಹುದು. ಅದು ಕುಡಿತದ, ಕುಣಿತದ ಸಂಗೀತವಲ್ಲವೇ? ಅದಕ್ಕೂ ದೇವಾಲಯಕ್ಕೂ ಏನು ಸಂಬಂಧ? ಈ ಪ್ರಶ್ನೆ ಮೇರಿ ಲೂ ಅವರನ್ನೂ ಕಾಡಿತ್ತು. ಅವರು ಅದಕ್ಕೆ ಉತ್ತರ ಕಂಡುಕೊಂಡ ಬಗೆಯೇ ಈ ಲೇಖನದ ವಿಷಯ.

ರಿಜಿಸ್ಟರಿನಲ್ಲಿ ಸಿಕ್ಕ ಹೆಸರು

ಜಾಝ್ ಹುಟ್ಟಿದ್ದು ಅಮೆರಿಕದ ದಕ್ಷಿಣ ತೀರದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಹತ್ತೊಂಬತ್ತನೇ ಶತಮಾನ ಮುಗಿದು ಇಪ್ಪತ್ತನೆಯದು ಆರಂಭವಾಗುವ ಹೊತ್ತಿನಲ್ಲಿ. ಮೊದಲು ಫ್ರೆಂಚರ, ನಂತರ ಸ್ಪೇನಿನವರ ಕೈಯಲ್ಲಿದ್ದ ಈ ನಗರ ಕಥೋಲಿಕ ನಗರವಾಗಿತ್ತು. ಫ್ರೆಂಚರು 1724ರಲ್ಲಿ ಲೂಯಿಸಿಯಾನದಲ್ಲಿ ಜಾರಿಗೆ ತಂದ ಕಾನೂನು ಗುಲಾಮರಿಗೆ ಜ್ಞಾನಸ್ನಾನ ಕೊಡಿಸಬೇಕೆಂದೂ ಭಾನುವಾರ ಅವರಿಂದ ದುಡಿಸಿಕೊಳ್ಳಬಾರದೆಂದೂ ವಿಧಿಸಿತ್ತು. ಜ್ಞಾನಸ್ನಾನ ಕೊಟ್ಟವರೇ ಅವರ ಸಂಕೋಲೆಯನ್ನು ಕಳಚಲಿಲ್ಲ ಎಂಬುದು ನಾವು ತಲೆತಗ್ಗಿಸಬೇಕಾದ ಚರಿತ್ರೆ. ಆದರೂ ಆ ಭಾನುವಾರದ ಬಿಡುವಿನಲ್ಲಿ ಕಾಂಗೋ ಸ್ಕ್ವೇರ್ ಎಂಬ ಬಯಲಿನಲ್ಲಿ ಸೇರಿ, ಆಫ್ರಿಕದ ತಮ್ಮ ತಾಳಗಳನ್ನು ಬಾರಿಸಿ ಅವರು ನೆನಪನ್ನು ಉಳಿಸಿಕೊಂಡರು. ಆ ತಾಳಗಳು, ಕಪ್ಪು ಜನರ ಭಕ್ತಿಗೀತೆಗಳು, ಬ್ಲೂಸ್ ಎಂಬ ದುಃಖದ ಹಾಡುಗಳು, ಮೆರವಣಿಗೆಯ ಬ್ಯಾಂಡು ಇವೆಲ್ಲ ಬೆರೆತು ಜಾಝ್ ಆಯಿತು. ಬರೆದಿಟ್ಟ ರಾಗವನ್ನು ಹಿಡಿದು, ಅದನ್ನು ಆ ಕ್ಷಣದಲ್ಲಿ ತನ್ನದೇ ರೀತಿಯಲ್ಲಿ ಬೆಳೆಸುವುದು ಇದರ ಜೀವಾಳ. ಕರ್ನಾಟಕ ಸಂಗೀತದಲ್ಲಿ ನಾವು ಮನೋಧರ್ಮ ಎನ್ನುತ್ತೇವಲ್ಲ, ಅದಕ್ಕೆ ಹತ್ತಿರವಾದುದು.

ಇದಕ್ಕೆ ಕೆಟ್ಟ ಹೆಸರು ಬಂದುದಕ್ಕೂ ಕಾರಣವಿತ್ತು. ಆ ನಗರದಲ್ಲಿ 1897ರಿಂದ 1917ರವರೆಗೆ ಇದ್ದ ಸ್ಟೋರಿವಿಲ್ ಎಂಬ ವೇಶ್ಯಾಗೃಹಗಳ ಕೇರಿಯಲ್ಲಿ ಅನೇಕ ಕಪ್ಪು ವಾದಕರಿಗೆ ಕೆಲಸ ಸಿಗುತ್ತಿತ್ತು. ದೊಡ್ಡ ಸಭಾಂಗಣಗಳ ಬಾಗಿಲು ಅವರಿಗೆ ಮುಚ್ಚಿದ್ದ ಕಾಲವದು. ಸಂಗೀತವನ್ನು ದೂರುವಾಗ, ಅದು ಅಲ್ಲಿಗೆ ಹೋಗಿ ಸೇರಿದ್ದೇಕೆ ಎಂದು ಕೇಳಿದವರು ಕಡಿಮೆ.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ಜಾಝ್‌ನ ಮಹಾ ತುತ್ತೂರಿ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ತಾನು ಹುಟ್ಟಿದ್ದು 1900ರ ಜುಲೈ 4ರಂದು ಎಂದು ಜೀವನಪೂರ್ತಿ ಹೇಳುತ್ತಿದ್ದರು. 1971ರಲ್ಲಿ ಅವರು ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ, ನ್ಯೂ ಆರ್ಲಿಯನ್ಸ್‌ನ ಯೇಸುವಿನ ಪವಿತ್ರ ಹೃದಯದ ದೇವಾಲಯದ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಅವರ ಹೆಸರು ಸಿಕ್ಕಿತು. ಹುಟ್ಟಿದ ದಿನ 1901ರ ಆಗಸ್ಟ್ 4, ಜ್ಞಾನಸ್ನಾನ ಅದೇ ತಿಂಗಳ 25ರಂದು! ಬಡ ಮಗುವೊಂದರ ನಿಜವಾದ ಜನ್ಮದಿನವನ್ನು ಲೋಕಕ್ಕಾಗಿ ಕಾಪಾಡಿಟ್ಟದ್ದು ಒಂದು ಧರ್ಮಕೇಂದ್ರದ ಹಳೆಯ ಪುಸ್ತಕ.

ತಾಯಿಯ ಮಡಿಲಿನಲ್ಲಿ

ಮೇರಿ ಲೂ ಹುಟ್ಟಿದ್ದು 1910ರ ಮೇ 8ರಂದು ಅಟ್ಲಾಂಟಾದಲ್ಲಿ, ಬೆಳೆದದ್ದು ಪಿಟ್ಸ್‌ಬರ್ಗ್‌ನಲ್ಲಿ. ಅವರದು ಕಥೋಲಿಕ ಕುಟುಂಬವಲ್ಲ. ತಾಯಿ ಮನೆಯಲ್ಲಿ ಕಾಲಿನಿಂದ ತುಳಿದು ನುಡಿಸುವ ಆರ್ಗನ್ ನುಡಿಸುತ್ತಿದ್ದರು. ಮೂರು ನಾಲ್ಕು ವರ್ಷದ ಮಗು ಒಮ್ಮೆ ತಾಯಿಯ ಮಡಿಲಲ್ಲಿ ಕುಳಿತು, ಆಕೆ ಆಗಷ್ಟೇ ನುಡಿಸಿದ್ದನ್ನು ಹಾಗೆಯೇ ನುಡಿಸಿಬಿಟ್ಟಿತು. ಬೆಚ್ಚಿದ ತಾಯಿ ಮಗುವನ್ನು ಕೆಳಗೆ ಬೀಳಿಸಿ, ನೆರೆಹೊರೆಯವರನ್ನು ಕರೆಯಲು ಓಡಿದರಂತೆ. ಪಿಟ್ಸ್‌ಬರ್ಗ್‌ನಲ್ಲಿ ಬಿಳಿಯ ನೆರೆಯವರು ಕಪ್ಪು ಕುಟುಂಬದ ಮನೆಗೆ ಇಟ್ಟಿಗೆ ತೂರುತ್ತಿದ್ದರು. ಆ ಪುಟ್ಟ ಹುಡುಗಿ ಅವರ ಮನೆಗಳಿಗೇ ಹೋಗಿ ಪಿಯಾನೋ ನುಡಿಸತೊಡಗಿದ ಮೇಲೆ ಇಟ್ಟಿಗೆ ಬೀಳುವುದು ನಿಂತಿತು. ಬಡಾವಣೆಗೆಲ್ಲ ಆಕೆ ‘ಪಿಯಾನೋ ಹುಡುಗಿ’ ಆದಳು.

ಹದಿಹರೆಯದಲ್ಲೇ ಮನೆ ಬಿಟ್ಟು ವಾದ್ಯತಂಡಗಳೊಡನೆ ಹೊರಟರು. ಕಾನ್ಸಾಸ್ ಸಿಟಿಯ ಆಂಡಿ ಕರ್ಕ್ ಅವರ ತಂಡದಲ್ಲಿ 1942ರವರೆಗೆ ಪಿಯಾನೋ ನುಡಿಸಿದ್ದು ಮಾತ್ರವಲ್ಲ, ತಂಡದ ಪ್ರತಿಯೊಂದು ವಾದ್ಯಕ್ಕೂ ಸ್ವರ ಬರೆದುಕೊಡುವ ಕೆಲಸವೂ ಅವರದೇ ಆಗಿತ್ತು. ಗಂಡಸರೇ ತುಂಬಿದ್ದ ಆ ಲೋಕದಲ್ಲಿ ಇದು ಅಪರೂಪ. ಬೆನ್ನಿ ಗುಡ್‌ಮನ್, ಡ್ಯೂಕ್ ಎಲಿಂಗ್ಟನ್ ಅವರಂಥ ನಾಯಕರೂ ಅವರಿಂದ ಬರೆಸಿಕೊಂಡರು. ಹನ್ನೆರಡು ರಾಶಿಗಳ ಹೆಸರಿನಲ್ಲಿ ಅವರು ರಚಿಸಿದ ‘ಝೋಡಿಯಾಕ್ ಸ್ವೀಟ್’ 1945ರ ಕೊನೆಯ ದಿನ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ನುಡಿಯಿತು. ಹಾರ್ಲೆಂ ಬಡಾವಣೆಯ ಅವರ ಮನೆ ಕಿರಿಯ ಕಲಾವಿದರಿಗೆ ತವರಿನಂತಿತ್ತು. ತೆಲೋನಿಯಸ್ ಮಂಕ್, ಬಡ್ ಪೊವೆಲ್, ಡಿಝಿ ಗಿಲೆಸ್ಪಿ ಮುಂತಾದವರು ಅಪರಾತ್ರಿಯಲ್ಲಿ ಬಂದು ಅವರ ಪಿಯಾನೋದ ಸುತ್ತ ಕುಳಿತು ಕಲಿಯುತ್ತಿದ್ದರು.

ಎದ್ದು ಹೊರನಡೆದ ರಾತ್ರಿ

ಹೆಸರಿತ್ತು, ಆದರೆ ನೆಮ್ಮದಿ ಇರಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಮಾದಕ ವಸ್ತುಗಳಿಗೆ ಬಲಿಯಾಗುತ್ತಿದ್ದರು. 1952ರಲ್ಲಿ ಯೂರೋಪಿಗೆ ಹೋದ ಮೇರಿ ಲೂ, 1954ರಲ್ಲಿ ಪ್ಯಾರಿಸ್ಸಿನ ಕ್ಲಬ್ಬೊಂದರಲ್ಲಿ ನುಡಿಸುತ್ತಿದ್ದವರು ಎದ್ದು ಹೊರನಡೆದುಬಿಟ್ಟರು. ಅಲ್ಲಿಂದ ಮೂರು ವರ್ಷ ವೇದಿಕೆಯ ಹತ್ತಿರ ಸುಳಿಯಲಿಲ್ಲ. ಈ ಸಂಗೀತವೇ ಪಾಪಕ್ಕೆ ದಾರಿ, ದೇವರು ಬೇಕಾದರೆ ಇದನ್ನು ಬಿಡಬೇಕು ಎಂಬ ಭಾವ ಅವರಲ್ಲಿ ಬೇರೂರಿತು.

ನ್ಯೂಯಾರ್ಕಿಗೆ ಮರಳಿದ ಮೇಲೆ ಪ್ರಾರ್ಥಿಸಲು ಒಂದು ಜಾಗ ಹುಡುಕಿದರು. ಹಾರ್ಲೆಂನ ಲೂರ್ದು ಮಾತೆಯ ದೇವಾಲಯದ ಬಾಗಿಲು ದಿನವಿಡೀ ತೆರೆದಿರುತ್ತಿತ್ತು. ಅಲ್ಲಿ ಹೋಗಿ ಗಂಟೆಗಟ್ಟಲೆ ಮೊಣಕಾಲೂರುತ್ತಿದ್ದರು. ಯಾರ್ಯಾರಿಗಾಗಿ ಬೇಡಬೇಕೆಂದು ಹೆಸರುಗಳ ಉದ್ದನೆಯ ಪಟ್ಟಿ ಬರೆದುಕೊಂಡಿದ್ದರು. ಚಟಕ್ಕೆ ಬಿದ್ದ ವಾದಕರನ್ನು ತಮ್ಮ ಪುಟ್ಟ ಮನೆಗೆ ಕರೆತಂದು, ಅಡುಗೆ ಮಾಡಿ ಬಡಿಸಿ ಆರೈಕೆ ಮಾಡಿದರು. ಯಾರೂ ಕರೆಯದೆಯೇ, ತೆರೆದಿದ್ದ ಒಂದು ಬಾಗಿಲಿನಿಂದ ಒಳಬಂದ ಈ ಮಹಿಳೆ, 1957ರ ಮೇ ತಿಂಗಳಲ್ಲಿ ಗೆಳತಿ ಲೊರೈನ್ ಗಿಲೆಸ್ಪಿಯವರೊಡನೆ ಜ್ಞಾನಸ್ನಾನ ಪಡೆದರು. ಲೊರೈನ್ ಅವರು ಡಿಝಿ ಗಿಲೆಸ್ಪಿಯವರ ಪತ್ನಿ.

ಆಗ ಅವರಿಗೆ ದಾರಿ ತೋರಿದವರು ಇಬ್ಬರು ಗುರುಗಳು: ಜಾಝ್ ಅಭಿಮಾನಿಯಾಗಿದ್ದ ಫಾದರ್ ಜಾನ್ ಕ್ರೌಲಿ ಮತ್ತು ಯೇಸುಸಭೆಯ ಫಾದರ್ ಆಂಥೊನಿ ವುಡ್ಸ್. ಮೇರಿ ಲೂ ಅವರು ಸಂಗೀತ ಬಿಟ್ಟದ್ದನ್ನು ಈ ಗುರುಗಳು ತ್ಯಾಗವೆಂದು ಹೊಗಳಲಿಲ್ಲ. ದೇವರು ಕೊಟ್ಟ ವರವದು, ಮರಳಿ ನುಡಿಸು, ನುಡಿಸುವುದನ್ನೇ ಪರರಿಗಾಗಿ ಮಾಡುವ ಪ್ರಾರ್ಥನೆಯಾಗಿ ಅರ್ಪಿಸು ಎಂದು ಬುದ್ಧಿ ಹೇಳಿದರು. ಒಡೆಯ ಕೊಟ್ಟ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿ ನಮಗೆಲ್ಲ ಗೊತ್ತು. ಆದರೆ ಭಕ್ತಿಯ ಹೆಸರಿನಲ್ಲಿಯೂ ಹೂತಿಡಬಹುದು ಎಂಬುದು ನಮಗೆ ಬೇಗ ಹೊಳೆಯುವುದಿಲ್ಲ. ಅದೇ ವರ್ಷ ಜುಲೈನಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ಗಿಲೆಸ್ಪಿಯವರ ತಂಡದೊಡನೆ ಮೇರಿ ಲೂ ಮತ್ತೆ ಪಿಯಾನೋ ಮುಂದೆ ಕುಳಿತರು. ಮರುವರ್ಷ, ಚಟಕ್ಕೆ ಸಿಕ್ಕಿದ ಸಂಗೀತಗಾರರ ಪುನಶ್ಚೇತನಕ್ಕೆಂದು ‘ಬೆಲ್ ಕ್ಯಾಂಟೊ’ ಎಂಬ ಸಂಸ್ಥೆ ಸ್ಥಾಪಿಸಿ, ಹಳೆಯ ಬಟ್ಟೆಬರೆ ಮಾರುವ ಅಂಗಡಿ ನಡೆಸಿ ಹಣ ಕೂಡಿಸಿದರು.

ಪಿಯಾನೋಗೆ ದೇವಾಲಯದಲ್ಲಿ ಜಾಗವಿರಲಿಲ್ಲ

1903ರ ನವೆಂಬರ್ 22ರಂದು, ಸಂತ ಸಿಸಿಲಿಯಮ್ಮನವರ ಹಬ್ಬದ ದಿನವೇ, ಜಗದ್ಗುರು ಹತ್ತನೇ ಪಯಸ್ ಅವರು ಪವಿತ್ರ ಸಂಗೀತದ ಬಗ್ಗೆ ಒಂದು ಆದೇಶ ಹೊರಡಿಸಿದ್ದರು. ಅಂದು ಯೂರೋಪಿನ ಎಷ್ಟೋ ದೇವಾಲಯಗಳಲ್ಲಿ ಬಲಿಪೂಜೆಯ ಗಾಯನ ನಾಟಕಶಾಲೆಯ ಹಾಡಿನಂತಾಗಿತ್ತು. ಅದನ್ನು ಸರಿಪಡಿಸುವುದು ಅವರ ಉದ್ದೇಶ. ಆ ಆದೇಶ ಡೋಲು, ತಾಳಗಳಂಥ ಸದ್ದಿನ ವಾದ್ಯಗಳನ್ನೂ ಪಿಯಾನೋವನ್ನೂ ದೇವಾಲಯದಲ್ಲಿ ನಿಷೇಧಿಸಿತು. ಮೇರಿ ಲೂ ಅವರಿಗೆ ದೇವರು ಕೊಟ್ಟ ವಾದ್ಯವೇ ನಿಷಿದ್ಧವಾಗಿತ್ತು!

1962ರ ಮೇ 6ರಂದು ಜಗದ್ಗುರು ಇಪ್ಪತ್ತಮೂರನೇ ಜಾನ್ ಅವರು ಮಾರ್ಟಿನ್ ಡಿ ಪೋರಸ್ ಅವರನ್ನು ಸಂತರೆಂದು ಸಾರಿದರು. ಪೆರು ದೇಶದ ಲೀಮಾ ನಗರದಲ್ಲಿ 1579ರಲ್ಲಿ, ಸ್ಪೇನಿನ ತಂದೆಗೂ ಬಿಡುಗಡೆ ಹೊಂದಿದ ಕಪ್ಪು ಗುಲಾಮ ತಾಯಿಗೂ ಹುಟ್ಟಿದ ಮಾರ್ಟಿನ್, ದೊಮಿನಿಕನ್ ಮಠದಲ್ಲಿ ಕಸ ಗುಡಿಸುತ್ತಾ, ರೋಗಿಗಳ ಆರೈಕೆ ಮಾಡುತ್ತಾ ಬಾಳಿದವರು. ಮೇರಿ ಲೂ ಅವರ ಮೊದಲ ದೊಡ್ಡ ಪವಿತ್ರ ಕೃತಿ ಈ ಸಂತರ ಮೇಲೆ. ಸಾಹಿತ್ಯ ಫಾದರ್ ವುಡ್ಸ್ ಅವರದು. ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಸಂತ ಫ್ರಾನ್ಸಿಸ್ ಝೇವಿಯರ್ ದೇವಾಲಯದಲ್ಲಿ ಅದನ್ನು ಹಾಡಲಾಯಿತು. ಎರಡನೇ ವ್ಯಾಟಿಕನ್ ಮಹಾಸಭೆ ಆರಂಭವಾಗಿ ಆಗ ಒಂದು ತಿಂಗಳೂ ತುಂಬಿರಲಿಲ್ಲ. ಮುಂದೆ 1963ರ ಡಿಸೆಂಬರ್ 4ರಂದು ಮಹಾಸಭೆ ಹೊರತಂದ ದೈವಾರಾಧನೆಯ ಸಂವಿಧಾನ, ಗ್ರೆಗೋರಿಯನ್ ಗಾಯನಕ್ಕೂ ಆರ್ಗನ್‌ಗೂ ಗೌರವದ ಸ್ಥಾನ ಉಳಿಸಿಕೊಂಡೇ, ಪವಿತ್ರ ಬಳಕೆಗೆ ಒಗ್ಗುವ ಇತರ ವಾದ್ಯಗಳಿಗೂ ಸಂಬಂಧಪಟ್ಟ ಅಧಿಕಾರಿಗಳ ಒಪ್ಪಿಗೆಯೊಡನೆ ಬಾಗಿಲು ತೆರೆಯಿತು.

ಬೆಂಬಲ ಕೊಟ್ಟವರಲ್ಲಿ ಪಿಟ್ಸ್‌ಬರ್ಗ್‌ನ ಧರ್ಮಾಧ್ಯಕ್ಷ ಜಾನ್ ರೈಟ್ ಅವರೂ ಒಬ್ಬರು. ಅಲ್ಲಿನ ಕಥೋಲಿಕ ಪ್ರೌಢಶಾಲೆಯೊಂದರಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದಾಗ, 1967ರಲ್ಲಿ, ಮೇರಿ ಲೂ ಬಲಿಪೂಜೆಯ ಪ್ರಾರ್ಥನೆಗಳಿಗೆ ಮೊದಲ ಬಾರಿ ಜಾಝ್ ಸಂಗೀತ ಕೊಟ್ಟರು. ಮರುವರ್ಷ ತಪಸ್ಸುಕಾಲಕ್ಕೆಂದು ಎರಡನೆಯದು. ಮೂರನೆಯದು ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗದ ಕೋರಿಕೆಯಿಂದ ಹುಟ್ಟಿದ ಶಾಂತಿಯ ಬಲಿಪೂಜೆ. 1971ರಲ್ಲಿ ಆಲ್ವಿನ್ ಐಲಿ ಅವರು ಇದಕ್ಕೆ ನೃತ್ಯ ಸಂಯೋಜಿಸಿದಾಗ ಇದು ‘ಮೇರಿ ಲೂಸ್ ಮಾಸ್’ ಎಂದು ಹೆಸರಾಯಿತು. ಕೊನೆಗೆ 1975ರ ಫೆಬ್ರವರಿ 18ರಂದು ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ, ಮಕ್ಕಳ ಗಾನವೃಂದದೊಡನೆ, ಸಾವಿರಾರು ಜನರ ನಡುವೆ ಆ ಸಂಗೀತದಲ್ಲಿ ಬಲಿಪೂಜೆ ಅರ್ಪಿತವಾಯಿತು. ಇಪ್ಪತ್ತೊಂದು ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ಎದ್ದು ಹೊರನಡೆದಿದ್ದ ಕೈಗಳೇ ಅಂದು ಬಲಿಪೀಠದ ಬಳಿ ಪಿಯಾನೋ ನುಡಿಸುತ್ತಿದ್ದವು.

ಜಾಝ್‌ನ ಚರಿತ್ರೆ ಹೇಳುವಾಗ ಮೇರಿ ಲೂ ಒಂದು ಮರದ ಚಿತ್ರ ತೋರಿಸುತ್ತಿದ್ದರು. ಅದರ ಬೇರಿನಲ್ಲಿ ಬರೆದಿದ್ದ ಪದ ‘ಯಾತನೆ’, ಕಾಂಡದಲ್ಲಿ ಭಕ್ತಿಗೀತೆ, ಕೊಂಬೆಗಳಲ್ಲಿ ಹೆಸರಾಂತ ವಾದಕರು. 1977ರಿಂದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಅವರು 1981ರ ಮೇ 28ರಂದು ದೈವಾಧೀನರಾದರು. ಪಿಟ್ಸ್‌ಬರ್ಗ್‌ನ ಕ್ಯಾಲ್ವರಿ ಕಥೋಲಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಅವರ ನಂತರ

ಅವರೊಬ್ಬರೇ ಅಲ್ಲ. 1958ರಲ್ಲಿ ಭಾರತಕ್ಕೂ ಬಂದು ನುಡಿಸಿದ್ದ ಪಿಯಾನೋ ವಾದಕ ಡೇವ್ ಬ್ರೂಬೆಕ್, ಕಥೋಲಿಕ ಪತ್ರಿಕೆಯೊಂದರ ಸಂಪಾದಕರ ಕೋರಿಕೆಯ ಮೇರೆಗೆ ‘ಟು ಹೋಪ್’ ಎಂಬ ಬಲಿಪೂಜೆಯ ಸಂಗೀತ ಬರೆದರು. ಮುಗಿಸಿದ ಮೇಲೆ ಅದರಲ್ಲಿ ಪರಲೋಕ ಪ್ರಾರ್ಥನೆಯೇ ಇಲ್ಲವೆಂದು ಗುರುಗಳೊಬ್ಬರು ಗಮನಿಸಿದರು. ಇನ್ನು ಬರೆಯುವುದಿಲ್ಲ ಎಂದು ಕುಟುಂಬದೊಡನೆ ವಿಹಾರಕ್ಕೆ ಹೋದ ಬ್ರೂಬೆಕ್‌ಗೆ ಒಂದು ರಾತ್ರಿ ಆ ಪ್ರಾರ್ಥನೆಯ ಸ್ವರಗಳು ಕನಸಿನಲ್ಲಿ ಕೇಳಿಸಿದವಂತೆ. ಎದ್ದು ಬರೆದಿಟ್ಟರು; 1980ರಲ್ಲಿ ಅವರೇ ಧರ್ಮಸಭೆಗೆ ಸೇರಿದರು. 1987ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಾಗ ಸ್ವಾಗತ ಸಂಗೀತ ರಚಿಸಿದವರೂ ಅವರೇ. 2012ರ ಡಿಸೆಂಬರ್ 5ರಂದು, 92 ತುಂಬಲು ಒಂದು ದಿನವಿದ್ದಾಗ, ಬ್ರೂಬೆಕ್ ಅಗಲಿದರು.

ಮೇರಿ ಲೂ ಅವರ ಕೃತಿಗಳು ಇಂದೂ ಜೀವಂತವಾಗಿವೆ. ಜೆರಿ ಆಲನ್ 2006ರಲ್ಲಿ ‘ಝೋಡಿಯಾಕ್’ ಕೃತಿಯನ್ನು ಮರಳಿ ಧ್ವನಿಮುದ್ರಿಸಿದರು. ಅವರು 2017ರಲ್ಲಿ ತೀರಿಕೊಂಡರು. ಆರನ್ ಡೀಲ್ 2023ರಲ್ಲಿ ವಾದ್ಯವೃಂದದೊಡನೆ ಅದನ್ನು ಪೂರ್ತಿಯಾಗಿ ಹೊರತಂದರು. ಡೀಲ್ ಅವರು ಹಾರ್ಲೆಂನ ಕಥೋಲಿಕ ದೇವಾಲಯವೊಂದರ ಸಂಗೀತದ ಹೊಣೆಯನ್ನೂ ಹೊತ್ತಿದ್ದವರು. ಪಿಯಾನೋ ವಾದಕಿ ಡಿಯಾನಾ ವಿಟ್ಕೊವ್ಸ್ಕಿ 2021ರಲ್ಲಿ ಮೇರಿ ಲೂ ಅವರ ಜೀವನಚರಿತ್ರೆ ಬರೆದಿದ್ದಾರೆ.

ನಮ್ಮ ನೆರೆಯಲ್ಲೂ ಇಂಥ ಕೊಂಡಿ ಇದೆ. ಗೋವೆಯ ಧರ್ಮಕೇಂದ್ರಗಳ ಶಾಲೆಗಳಲ್ಲಿ ಸ್ವರಲಿಪಿ ಓದಲು, ಪಿಟೀಲು ನುಡಿಸಲು ಕಲಿತ ಕಥೋಲಿಕ ಯುವಕರೇ ಮುಂಬಯಿಯ ಜಾಝ್ ತಂಡಗಳನ್ನೂ ಹಿಂದಿ ಚಿತ್ರಗಳ ವಾದ್ಯವೃಂದವನ್ನೂ ಕಟ್ಟಿದರು. ಭಾರತದ ಲೂಯಿ ಆರ್ಮ್‌ಸ್ಟ್ರಾಂಗ್ ಎನಿಸಿಕೊಂಡ ತುತ್ತೂರಿ ವಾದಕ ಚಿಕ್ ಚಾಕೊಲೆಟ್ ಅವರ ನಿಜನಾಮ ಆಂತೋನಿಯೊ ಶಾವಿಯೆರ್ ವಾಝ್. ಊರು ಗೋವೆಯ ಅಲ್ದೋನಾ. 1951ರ ‘ಅಲ್ಬೇಲಾ’ ಚಿತ್ರದ ಹಾಡುಗಳಲ್ಲಿ ಅವರ ತಂಡವಿದೆ.

ಮಹಾಸಭೆ ತೆರೆದ ಅದೇ ಬಾಗಿಲಿನಿಂದಲೇ ತಬಲ, ಹಾರ್ಮೋನಿಯಂಗಳು ನಮ್ಮ ಕನ್ನಡ ಬಲಿಪೂಜೆಗೆ ಬಂದವು. ಇಂದು ಅವಿಲ್ಲದ ಹಬ್ಬವನ್ನು ನಾವು ಊಹಿಸಲಾರೆವು. ಹಾಗಿರುವಾಗ, ಮನೆಯ ಮಗ ಗಿಟಾರ್ ಹಿಡಿದರೆ, ಮಗಳು ಡ್ರಮ್ಸ್ ಕಲಿಯಬೇಕೆಂದರೆ ನಾವು ಏನು ಹೇಳುತ್ತೇವೆ? ಎಲ್ಲ ಸಂಗೀತವೂ ಬಲಿಪೂಜೆಗೆ ಒಗ್ಗುವುದಿಲ್ಲ. ಅದನ್ನು ವಿವೇಚಿಸಲು ಗುರುಗಳಿದ್ದಾರೆ, ಗಾನವೃಂದದ ಹಿರಿಯರಿದ್ದಾರೆ. ಆದರೆ ಬಿಟ್ಟುಬಿಡು ಎನ್ನುವ ಮೊದಲು, ಮೇರಿ ಲೂ ಅವರಿಗೆ ಮರಳಿ ನುಡಿಸು ಎಂದ ಆ ಇಬ್ಬರು ಗುರುಗಳನ್ನು ನೆನೆಯೋಣ. ಹಗಲಿಡೀ ತೆರೆದಿದ್ದ ಹಾರ್ಲೆಂನ ಆ ದೇವಾಲಯದ ಬಾಗಿಲನ್ನೂ ನೆನೆಯೋಣ. ಈ ನವೆಂಬರ್ 22ರಂದು ನಮ್ಮ ನಮ್ಮ ಧರ್ಮಕೇಂದ್ರದ ಗಾನವೃಂದದವರ ಹೆಸರನ್ನು ಒಂದು ಪಟ್ಟಿ ಬರೆದು, ಪ್ರತಿಯೊಬ್ಬರಿಗಾಗಿಯೂ ಪ್ರಾರ್ಥಿಸೋಣ.